ರಾತ್ರಿ ಎಂಟರೊಳಗೆ ಮಕ್ಕಳ ಊಟ ಮುಗಿಯಬೇಕು. ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ಇಬ್ಬರ ಅಮ್ಮ, ಬೆಂಗಳೂರು | ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ನಾನು ಆಫೀಸು ಮುಗಿಸಿ, ಇಬ್ಬರನ್ನೂ ಕರೆದುಕೊಂಡು ಮನೆ ಸೇರುವಾಗ ಆರೂಮುಕ್ಕಾಲು. ಯಜಮಾನರು ಬರುವುದು ಎಂಟೂವರೆಗೆ. ಏಳೂವರೆಗೆಲ್ಲ ಚಿಕ್ಕವನು ಕಣ್ಣುಜ್ಜಲು ಶುರು ಮಾಡುತ್ತಾನೆ. ಎಂಟು ದಾಟಿದರೆ ತಟ್ಟೆ ಮುಂದೆಯೇ ನಿದ್ದೆ. ಹಾಗಾಗಿ ನನಗೆ ಸಿಗುವುದು ಮುಕ್ಕಾಲು ಗಂಟೆ ಅಷ್ಟೇ.

ಈ ಮುಕ್ಕಾಲು ಗಂಟೆಯಲ್ಲಿ ಎರಡು ಅಡುಗೆ ಆಗಬೇಕು. ಮಕ್ಕಳಿಗೆ ಖಾರ ಇಲ್ಲದ್ದು, ನಮಗೆ ಖಾರದ್ದು. ಎರಡೂ ಆಗುವುದಿಲ್ಲ. ಹಾಗಾಗಿ ವಾರದಲ್ಲಿ ಮೂರು ದಿನ ಮಕ್ಕಳಿಗೆ ಬರೀ ಮೊಸರನ್ನ. ಹೋದ ತಿಂಗಳು ಮಗನಿಗೆ ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 10.1 ಅಂತ ಬಂತು. ಡಾಕ್ಟರು ಕಬ್ಬಿಣದ ಸಿರಪ್ ಬರೆದುಕೊಟ್ಟರು. ಊಟದಲ್ಲಿ ಸೊಪ್ಪು, ಕಾಳು ಜಾಸ್ತಿ ಮಾಡಿ ಅಂದರು. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಅಡುಗೆಯವರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ಅತ್ತೆ ಊರಿನಲ್ಲಿದ್ದಾರೆ. ಕೆಲಸಕ್ಕೆ ಹೋಗುವ ನೀವೆಲ್ಲ ವಾರದ ದಿನ ಹೇಗೆ ಸಂಭಾಳಿಸುತ್ತೀರಿ? ದಯವಿಟ್ಟು ಬಿಡಿಸಿ ಹೇಳಿ.

ತುಮಕೂರು ಟೀಚರ್ | ಸೋಮವಾರ ರಾತ್ರಿ 10:58

ನಮ್ಮ ಮನೆಯದೂ ಇದೇ ಕಥೆ ಅಕ್ಕ. ಉತ್ತರ ನನಗೂ ಬೇಕು. ನೋಡುತ್ತಾ ಇರುತ್ತೇನೆ.

ದಾವಣಗೆರೆ ಅಪ್ಪ | ಸೋಮವಾರ ರಾತ್ರಿ 11:15

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ತಿಂಗಳಲ್ಲಿ ಅರ್ಧ ದಿನ ಸಂಜೆ ಪಾಳಿ. ಆ ದಿನಗಳಲ್ಲಿ ಅಡುಗೆ, ಊಟ, ಮಲಗಿಸುವುದು ಎಲ್ಲ ನನ್ನದೇ. ಮಗನಿಗೆ ನಾಲ್ಕು ವರ್ಷ.

ನಾನು ಮಾಡುವುದು ಇಷ್ಟು. ಬೆಳಿಗ್ಗೆ ಮನೆ ಬಿಡುವ ಮುಂಚೆ ತೊಗರಿಬೇಳೆ ತೊಳೆದು ನೆನೆಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಸಂಜೆ ಬಂದ ಕೂಡಲೇ, ಬಟ್ಟೆ ಬದಲಿಸುವುದಕ್ಕೂ ಮುಂಚೆ, ಕುಕ್ಕರ್ ಇಡುವುದು. ಕೆಳಗಿನ ಪಾತ್ರೆಯಲ್ಲಿ ಬೇಳೆ, ಅರಿಶಿನ, ಹೀರೇಕಾಯಿ ಅಥವಾ ಸೋರೆಕಾಯಿ, ಒಂದು ಕ್ಯಾರೆಟ್. ಮೇಲಿನ ಪಾತ್ರೆಯಲ್ಲಿ ಅಕ್ಕಿ. ನಾಲ್ಕು ಸೀಟಿ. ಅದು ಕೂಗಿ ತಣ್ಣಗಾಗುವಷ್ಟರಲ್ಲಿ ಮಗನಿಗೆ ಕೈಕಾಲು ತೊಳೆಸಿ ಆಗಿರುತ್ತದೆ.

ಕುಕ್ಕರ್ ತೆಗೆದ ಮೇಲೆ ಮೊದಲು ಮಗನ ಪಾಲು ಬೇರೆ ತೆಗೆಯುತ್ತೇನೆ. ಅದಕ್ಕೆ ತುಪ್ಪ, ಜೀರಿಗೆ ಒಗ್ಗರಣೆ. ಉಳಿದದ್ದಕ್ಕೆ ಸಾರಿನ ಪುಡಿ, ಹುಣಸೆ ರಸ ಹಾಕಿ ಒಂದು ಕುದಿ. ಅಡುಗೆ ಒಂದೇ, ಕೊನೆಯ ಐದು ನಿಮಿಷ ಮಾತ್ರ ಬೇರೆ. ಎರಡು ಅಡುಗೆ ಅಂತ ತಲೆಗೆ ಹಚ್ಚಿಕೊಳ್ಳಬೇಡಿ ಮೇಡಂ. ಖಾರ ಬೀಳುವ ಮುಂಚೆ ಒಂದು ಸೌಟು ತೆಗೆದಿಟ್ಟರೆ ಆಯಿತು.

ಮಂಡ್ಯದ ಸೊಸೆ | ಮಂಗಳವಾರ ಬೆಳಿಗ್ಗೆ 6:05

ದಾವಣಗೆರೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನಮ್ಮ ಕಡೆ ಒಂದು ಅಡುಗೆ ಇದೆ. ಅದರಲ್ಲಿ ತೆಗೆದಿಡುವ ಕೆಲಸವೂ ಇಲ್ಲ. ಉಪ್ಸಾರು.

ಬಸ್ಸಾರು ಬೇರೆ, ಉಪ್ಸಾರು ಬೇರೆ. ಬಸ್ಸಾರಿಗೆ ಖಾರ ರುಬ್ಬಿ ಬಸಿದ ಕಟ್ಟಿಗೆ, ಅಂದರೆ ಕಾಳು ಸೊಪ್ಪು ಬೆಂದ ನೀರಿಗೆ, ಹಾಕಿ ಕುದಿಸುತ್ತೇವೆ. ಉಪ್ಸಾರಿನಲ್ಲಿ ಪಾತ್ರೆಗೆ ಖಾರವೇ ಹೋಗುವುದಿಲ್ಲ. ಕಾಳು, ಸೊಪ್ಪು, ಉಪ್ಪು, ನೀರು ಅಷ್ಟೇ. ಖಾರ ತಟ್ಟೆ ಪಕ್ಕದಲ್ಲಿ ಇರುತ್ತದೆ. ಬೇಕಾದವರು ಬೇಕಾದಷ್ಟು ಕಟ್ಟಿಗೆ ಕಲಸಿಕೊಳ್ಳುತ್ತಾರೆ. ಮಗುವಿನ ತಟ್ಟೆಗೆ ಖಾರದ ಬದಲು ತುಪ್ಪ. ಮೂರು ತಲೆಮಾರು ಒಂದೇ ಪಾತ್ರೆಯಿಂದ ಊಟ ಮಾಡುವ ಅಡುಗೆ ಇದು.

ಬೆಳಿಗ್ಗೆ ಒಂದು ಲೋಟ ಅಲಸಂದೆ ಕಾಳು ನೆನೆಹಾಕಿ ಹೋಗಿ. ಹೆಸರುಕಾಳಾದರೂ ಆಗುತ್ತದೆ. ಸಂಜೆ ಎರಡು ಸೀಟಿ. ಮುಚ್ಚಳ ತೆಗೆದ ಮೇಲೆ ಹೆಚ್ಚಿದ ಸೊಪ್ಪು ಹಾಕಿ ಐದಾರು ನಿಮಿಷ ಹಾಗೇ ಕುದಿಸಿ. ದಂಟು, ಕೀರೆ, ಸಬ್ಬಸಿಗೆ ಯಾವುದಾದರೂ ಸರಿ. ಕಟ್ಟು ಬಸಿದುಕೊಳ್ಳಿ. ಕಾಳು ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ ಆಯಿತು. ಕಟ್ಟು ಮುದ್ದೆಗೆ. ಚಿಕ್ಕವನಿಗೆ ಕಾಳನ್ನು ಬೆರಳಿನಲ್ಲಿ ಹಿಸುಕಿ ಕೊಡಿ.

ಸೊಪ್ಪು ಬಿಡಿಸಲು ಟೈಮ್ ಎಲ್ಲಿ ಅಂತ ಕೇಳಬಹುದು. ಭಾನುವಾರ ಸಂತೆಯಿಂದ ತಂದದ್ದನ್ನು ಅವತ್ತೇ ಬಿಡಿಸಿ, ತೊಳೆಯದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡಿ. ಮೂರ್ನಾಲ್ಕು ದಿನ ಚೆನ್ನಾಗಿರುತ್ತದೆ. ಅಡುಗೆಗೆ ಮುಂಚೆ ತೊಳೆದರಾಯಿತು. ಮುದ್ದೆಗೆ ಹದಿನೈದು ನಿಮಿಷ ಸಾಕು. ಮಕ್ಕಳಿಗೆ ದೊಡ್ಡ ತುತ್ತು ಕೊಡಬೇಡಿ. ನೆಲ್ಲಿಕಾಯಿಗಿಂತ ಚಿಕ್ಕದಾಗಿ ಮುರಿದು, ಕಟ್ಟಿನಲ್ಲಿ ಅದ್ದಿ ಕೊಡಿ. ಜಾರಿ ಹೋಗುತ್ತದೆ.

ಧಾರವಾಡ ಬಾಯಿ | ಮಂಗಳವಾರ ಬೆಳಿಗ್ಗೆ 9:20

ದಿನಾ ಸಂಜೆ ರೊಟ್ಟಿ ಬಡಿಯುವುದು ನನ್ನಿಂದಲೂ ಆಗುವುದಿಲ್ಲ ತಂಗಿ. ನಮ್ಮಲ್ಲಿ ಕಟಕ ರೊಟ್ಟಿ ಡಬ್ಬಿ ತುಂಬಾ ಇರುತ್ತದೆ. ಬಿಸಿ ತೊವ್ವೆಗೆ ಎರಡು ರೊಟ್ಟಿ ಮುರಿದು ಹಾಕಿ ಐದು ನಿಮಿಷ ಮುಚ್ಚಿಡಿ. ಮೆತ್ತಗಾಗುತ್ತದೆ. ಮೇಲೆ ಒಂದು ಚಮಚ ತುಪ್ಪ. ನನ್ನ ಮೂರು ವರ್ಷದ ಮೊಮ್ಮಗ ಬಟ್ಟಲು ನೆಕ್ಕಿ ಇಡುತ್ತಾನೆ.

ಇನ್ನೊಂದು, ಝುಣಕ. ಕಡಲೆಹಿಟ್ಟು, ಈರುಳ್ಳಿ, ಹತ್ತೇ ನಿಮಿಷ. ಮಕ್ಕಳಿಗೆ ಮೆಣಸಿನಕಾಯಿ ಬಿಟ್ಟು, ಒಂದು ಹಿಡಿ ಮೆಂತ್ಯೆ ಸೊಪ್ಪು ಹಾಕಿ ಮಾಡಿದರೆ ಚಲೋ ಇರುತ್ತದೆ. ಶೇಂಗಾ ಹಿಂಡಿಯನ್ನೂ ನಾನು ಎರಡು ಥರ ಕುಟ್ಟುತ್ತೇನೆ. ಒಂದು ಖಾರದ್ದು. ಇನ್ನೊಂದು ಬರೀ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪಿನದು. ಮೊಸರನ್ನವೇ ಆದ ದಿನ ಎರಡು ಚಮಚ ಅದನ್ನು ಕಲಸಿ ಕೊಡಿ. ಬರೀ ಮೊಸರನ್ನ ಅಂತ ನಿಮಗೆ ಅನ್ನಿಸುವುದಿಲ್ಲ.

ಆಹಾರ ತಜ್ಞೆ, ಶಿವಮೊಗ್ಗ | ಮಂಗಳವಾರ ಮಧ್ಯಾಹ್ನ 2:30

ನಾನು ಡಯಟೀಷಿಯನ್, ಒಬ್ಬ ಮಗನ ತಾಯಿಯೂ ಹೌದು. ಹಿಮೋಗ್ಲೋಬಿನ್ ವಿಷಯ ಬಂದಿದ್ದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ತಾಯಿಗೆ ಒಂದು ಮಾತು. ಇದು ನಿಮ್ಮೊಬ್ಬರ ಮನೆಯ ಸಮಸ್ಯೆ ಅಲ್ಲ. ಎರಡರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇತ್ತು. ಸಿರಪ್ ಅನ್ನು ಡಾಕ್ಟರು ಹೇಳಿದಷ್ಟು ದಿನ ತಪ್ಪಿಸದೆ ಕೊಡಿ. ಹಾಲಿನ ಜೊತೆ ಕೊಡಬೇಡಿ. ಊಟ ಸರಿಮಾಡಿದೆ ಅಂತ ಸಿರಪ್ ನಿಲ್ಲಿಸುವುದೂ ಬೇಡ.

ಊಟದ ವಿಷಯಕ್ಕೆ ಬಂದರೆ, ಕಾಳು ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ವಿಟಮಿನ್ ಸಿ ಜೊತೆ ಬೇಕು. ಒಂದು ಹೋಳು ನಿಂಬೆಹಣ್ಣು ಸಾಕು. ಒಲೆ ಆರಿಸಿದ ಮೇಲೆ, ತಟ್ಟೆಗೆ ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಹಾಳಾಗುತ್ತದೆ. ಊಟದ ಆಸುಪಾಸಿನಲ್ಲಿ ಟೀ, ಕಾಫಿ ಬೇಡ. ಎಷ್ಟೋ ಮನೆಗಳಲ್ಲಿ ಸಂಜೆ ಮಗುವಿಗೂ ಅರ್ಧ ಲೋಟ ಟೀ, ಬಿಸ್ಕತ್ತು ಕೊಡುವ ರೂಢಿ ಇದೆ. ಅದು ಕಬ್ಬಿಣಕ್ಕೂ ಅಡ್ಡ, ಹಸಿವಿಗೂ ಅಡ್ಡ. ಹಾಲು ಕೂಡ ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಿನಲ್ಲಿ ಕಬ್ಬಿಣ ಕಡಿಮೆ. ಅದರಿಂದಲೇ ಹೊಟ್ಟೆ ತುಂಬಿದರೆ ಮಗು ಕಾಳು ಸೊಪ್ಪು ಮುಟ್ಟುವುದಿಲ್ಲ.

ಅನ್ನ ಬೇಳೆ ಅಂದರೆ ಏನೂ ಇಲ್ಲ ಅಂತ ಅಂದುಕೊಳ್ಳಬೇಡಿ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಬೇಳೆಯಲ್ಲಿ ಅದು ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಬೇಳೆಯ ನೀರಲ್ಲ, ಬೇಳೆಯೇ ಹೊಟ್ಟೆಗೆ ಹೋಗಬೇಕು. ರಾಗಿಯೂ ಒಳ್ಳೆಯ ಆಯ್ಕೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಧಾರವಾಡದ ಅಮ್ಮನವರ ಹಿಂಡಿ ತುಂಬಾ ಒಳ್ಳೆಯದು, ಯಾಕೆಂದರೆ ಅದು ಪುಡಿ. ಇಡೀ ಶೇಂಗಾ ಬೀಜವನ್ನು ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಒಂದು ವರ್ಷದೊಳಗಿನ ಕೂಸಿದ್ದರೆ ಅದರ ಪಾಲನ್ನು ಉಪ್ಪು ಬೀಳುವ ಮುಂಚೆಯೇ ತೆಗೆಯಿರಿ. ಅವರಿಗೆ ಜೇನುತುಪ್ಪವೂ ಬೇಡ.

ಮೈಸೂರು ನೈಟಿಂಗೇಲ್ | ಮಂಗಳವಾರ ಸಂಜೆ 4:10

ತಜ್ಞೆ ಮೇಡಂ, ನಾನು ಬೆಳಿಗ್ಗೆಯೇ ಅನ್ನ ಜಾಸ್ತಿ ಮಾಡಿಟ್ಟು ರಾತ್ರಿ ಚಿತ್ರಾನ್ನ ಮಾಡಿಕೊಡುತ್ತೇನೆ. ಪರವಾಗಿಲ್ಲ ಅಲ್ವಾ?

ಆಹಾರ ತಜ್ಞೆ, ಶಿವಮೊಗ್ಗ | ಮಂಗಳವಾರ ಸಂಜೆ 4:45

ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಪರವಾಗಿಲ್ಲ. ಅಡುಗೆಕಟ್ಟೆ ಮೇಲೆ ಇಡೀ ದಿನ ಇದ್ದ ಅನ್ನ ಮಕ್ಕಳಿಗೆ ಬೇಡವೇ ಬೇಡ. ಅನ್ನ ಬೆಚ್ಚಗೆ ಹೊರಗೇ ಇದ್ದಾಗ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಾಡಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಚಿತ್ರಾನ್ನಕ್ಕೆ ಒಂದು ಹಿಡಿ ಬೇಯಿಸಿದ ಹೆಸರುಕಾಳು ಸೇರಿಸಿಕೊಳ್ಳಿ.

ಪುತ್ತೂರು ಅಜ್ಜಿ | ಮಂಗಳವಾರ ಸಂಜೆ 6:30

ನಮ್ಮದು ಕುಚ್ಚಲಕ್ಕಿ. ಬೇಯಲು ತುಂಬಾ ಹೊತ್ತು ಬೇಕು. ಆದರೂ ನನ್ನ ಸೊಸೆ ಕೆಲಸಕ್ಕೆ ಹೋಗಿ ಬಂದು ಏಳು ಗಂಟೆಗೆ ಮಕ್ಕಳಿಗೆ ಬಿಸಿ ಗಂಜಿ ಬಡಿಸುತ್ತಾಳೆ. ನಮ್ಮ ಊರಿನ ಹೆಚ್ಚಿನ ಮನೆಗಳಲ್ಲಿ ಥರ್ಮಲ್ ಕುಕ್ಕರ್ ಇದೆ. ಅಕ್ಕಿಯನ್ನು ಒಲೆ ಮೇಲೆ ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಅದರೊಳಗೆ ಇಟ್ಟು ಮುಚ್ಚಿಬಿಡುವುದು. ಅದರ ಕಾವಿಗೇ ಅನ್ನ ಬೇಯುತ್ತದೆ. ಗ್ಯಾಸೂ ಉಳಿಯಿತು, ಕಾಯುವ ಕೆಲಸವೂ ಇಲ್ಲ. ನಾನು ಮಧ್ಯಾಹ್ನ ಮೇಲೆ ಇಡುತ್ತೇನೆ, ಸಂಜೆಗೆ ಸಿದ್ಧ.

ಗಂಜಿಗೆ ಹೆಸರುಕಾಳು ಪಲ್ಯ, ಒಂದು ತಂಬುಳಿ. ದೊಡ್ಡಪತ್ರೆಯ ನಾಲ್ಕು ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಹಿಡಿ ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ಮುಗಿಯಿತು. ಕುದಿಸುವುದೂ ಬೇಡ. ಮಕ್ಕಳು ಲೋಟದಲ್ಲಿ ಕುಡಿಯುತ್ತಾರೆ. ಬಸಳೆ ಕುಡಿಯಲ್ಲೂ ಆಗುತ್ತದೆ ಮಗಾ.

ಉಡುಪಿ ಮೀನೂಟ | ಮಂಗಳವಾರ ರಾತ್ರಿ 9:00

ಮೀನು ತಿನ್ನುವವರಿಗೆ: ಬಂಗುಡೆಯನ್ನು ಅರಿಶಿನ, ಉಪ್ಪು, ನಿಂಬೆರಸ ಹಚ್ಚಿ ಕಾವಲಿ ಮೇಲೆ ಹಾಕಿದರೆ ಹತ್ತು ನಿಮಿಷ. ನಡುವಿನ ಮುಳ್ಳು ಎತ್ತಿದರೆ ಮಾಂಸ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಆದರೂ ಬೆರಳಿನಲ್ಲಿ ಒತ್ತಿ ನೋಡಿಯೇ ಮಗುವಿನ ಬಾಯಿಗೆ ಇಡಿ. ಬೂತಾಯಿಯ ಸಣ್ಣ ಮುಳ್ಳು ಬಿಡಿಸಲು ತಾಳ್ಮೆ ಬೇಕು. ಅದು ಭಾನುವಾರಕ್ಕೆ.

ಹುಬ್ಬಳ್ಳಿ ಬ್ಯಾಂಕ್ ಅಮ್ಮ | ಮಂಗಳವಾರ ರಾತ್ರಿ 10:15

ಎಲ್ಲವೂ ಚೆನ್ನಾಗಿದೆ. ಆದರೆ ಕೆಲವು ದಿನ ಕಾಳು ನೆನೆಹಾಕುವುದೇ ಮರೆತುಹೋಗುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಏಳೂಕಾಲಿಗೆ ಬಂದ ದಿನ ಏನು ಮಾಡಬೇಕು? ಅದನ್ನೂ ಹೇಳಬೇಕು ಅಲ್ವಾ.

ನಾನು ಮೊಟ್ಟೆ ಒಡೆಯುತ್ತೇನೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಹೆಚ್ಚಿಟ್ಟ ಪಾಲಕ್ ಬಾಡಿಸಿ, ಮೊಟ್ಟೆ ಕಲಸಿ ಹಾಕಿ, ಬೆಳಿಗ್ಗೆಯ ಚಪಾತಿಯಲ್ಲಿ ಸುತ್ತಿ ಕೊಡುತ್ತೇನೆ. ಹನ್ನೆರಡು ನಿಮಿಷ. ಮೊಟ್ಟೆ ತಿನ್ನದವರು ಹೆಸರುಬೇಳೆ ಹುಗ್ಗಿ ಮಾಡಿ. ಹೆಸರುಬೇಳೆಗೆ ನೆನೆಸುವ ಅಗತ್ಯ ಇಲ್ಲ. ಅಕ್ಕಿ, ಹೆಸರುಬೇಳೆ ಸಮ ಸಮ. ಮನೆಯಲ್ಲಿರುವ ತರಕಾರಿ ಹಾಕಿ ಕೂಗಿಸಿ. ಮೆಣಸಿನ ಒಗ್ಗರಣೆ ದೊಡ್ಡವರ ತಟ್ಟೆಗೆ ಮಾತ್ರ. ಇಂಥ ದಿನ ನೂಡಲ್ಸ್ ಪ್ಯಾಕೆಟ್ ಕಡೆ ಕೈ ಹೋಗುವುದು ಸಹಜ. ಹುಗ್ಗಿಗೆ ಅದಕ್ಕಿಂತ ಹದಿನೈದು ನಿಮಿಷ ಜಾಸ್ತಿ ಬೇಕು, ಅಷ್ಟೇ. ಆ ಹದಿನೈದು ನಿಮಿಷಕ್ಕೆ ಮಗಳ ಕೈಗೆ ಸೌತೆಕಾಯಿ ಹೋಳು ಕೊಟ್ಟುಬಿಡುತ್ತೇನೆ.

ತುಮಕೂರು ಟೀಚರ್ | ಬುಧವಾರ ಬೆಳಿಗ್ಗೆ 7:30

ಒಂದು ಕೇಳಬೇಕು. ಮಾಡಿಟ್ಟರೂ ತಿನ್ನುವುದಿಲ್ಲವಲ್ಲ? ನನ್ನ ಮಗ ಮೊಬೈಲ್ ತೋರಿಸಿದರೆ ಮಾತ್ರ ಬಾಯಿ ತೆರೆಯುತ್ತಾನೆ.

ದಾವಣಗೆರೆ ಅಪ್ಪ | ಬುಧವಾರ ಬೆಳಿಗ್ಗೆ 8:10

ಮೊಬೈಲ್ ನಾವೂ ಹಿಡಿದಿದ್ದೆವು. ಬಿಡಿಸಲು ಮೂರು ವಾರ ಆಯಿತು. ಮೊದಲ ನಾಲ್ಕು ದಿನ ಮಗ ಎರಡು ತುತ್ತು ತಿಂದು ಎದ್ದುಹೋದ. ನನ್ನ ತಾಯಿ ಫೋನಿನಲ್ಲಿ ಅತ್ತುಬಿಟ್ಟರು. ಆದರೂ ನಾವು ಬೇರೆ ಏನೂ ಮಾಡಿಕೊಡಲಿಲ್ಲ, ಬೈಯಲೂ ಇಲ್ಲ. ಸಂಜೆ ಐದರ ಬಿಸ್ಕತ್ತು ನಿಲ್ಲಿಸಿ ಒಂದು ಬಾಳೆಹಣ್ಣು ಕೊಟ್ಟೆವು. ಊಟವನ್ನು ಏಳಕ್ಕೇ ಇಟ್ಟೆವು. ಐದನೇ ದಿನ ನಿಜವಾಗಿ ಹಸಿದು ಕೂತ. ಏನು ಬಡಿಸಬೇಕು, ಎಷ್ಟು ಹೊತ್ತಿಗೆ ಅನ್ನುವುದು ನಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವನ ಹೊಟ್ಟೆಗೆ ಬಿಟ್ಟದ್ದು. ಇದನ್ನು ಒಪ್ಪಿಕೊಳ್ಳಲು ನನಗೇ ಕಷ್ಟವಾಯಿತು.

ಆಹಾರ ತಜ್ಞೆ, ಶಿವಮೊಗ್ಗ | ಬುಧವಾರ ಮಧ್ಯಾಹ್ನ 1:50

ಸರಿಯಾಗಿ ಹೇಳಿದಿರಿ ಸರ್. ಒಂದು ಸೇರಿಸುತ್ತೇನೆ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಹತ್ತು ಸಲವೂ ಬೇಕಾಗಬಹುದು. ಎರಡು ಸಲ ಉಗುಳಿದ ಅಂತ ಸೊಪ್ಪು ನಿಲ್ಲಿಸಬೇಡಿ. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಇರಲಿ. ಮಗುವಿನ ತೂಕ ಏರದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಮಾಗಡಿ ಮಗಳು | ಬುಧವಾರ ರಾತ್ರಿ 9:40

ಮಕ್ಕಳ ಕೈಗೆ ಕೆಲಸ ಕೊಡಿ. ಈಗ ಅವರೆಕಾಯಿ ಕಾಲ. ನನ್ನ ಮಗಳಿಗೆ ಮೂರೂವರೆ ವರ್ಷ. ಸಂಜೆ ನಾನು ಒಲೆ ಮುಂದೆ ನಿಂತರೆ ಅವಳಿಗೆ ಕೆಳಗೆ ಚಾಪೆ ಹಾಸಿ, ನೆನೆಸಿದ ಅವರೆಕಾಳಿನ ಬಟ್ಟಲು ಇಡುತ್ತೇನೆ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತುತ್ತಾಳೆ. ಸಿಪ್ಪೆ ಬೆರಳಲ್ಲೇ ಉಳಿದು, ಕಾಳು ಚಂಗನೆ ಹಾರಿ ತಟ್ಟೆಗೆ ಬೀಳುತ್ತದೆ. ಅರ್ಧ ತಟ್ಟೆಗೆ, ಅರ್ಧ ಫ್ರಿಜ್ಜಿನ ಕೆಳಗೆ. ಒಂದೊಂದು ಹಾರಿದಾಗಲೂ ನಗು. ಇಪ್ಪತ್ತು ನಿಮಿಷ ನನ್ನ ಸೆರಗು ಎಳೆಯುವುದಿಲ್ಲ. ಅವಳು ಹಿದುಕಿದ ಕಾಳನ್ನು ಬೇಯಿಸಿ ಬೇರೆ ಬಟ್ಟಲಿಗೆ ಹಾಕಿ ಕೊಟ್ಟರೆ, ಒಂದೊಂದಾಗಿ ಹಿಸುಕಿ ತಿಂದು ಮುಗಿಸುತ್ತಾಳೆ. ಹಸಿ ಕಾಳು ಬಾಯಿಗೆ ಹಾಕದಂತೆ ನಾನು ಪಕ್ಕದಲ್ಲೇ ಇರುತ್ತೇನೆ.

ಇಬ್ಬರ ಅಮ್ಮ, ಬೆಂಗಳೂರು | ಮೂರು ವಾರದ ನಂತರ, ಭಾನುವಾರ ಮಧ್ಯಾಹ್ನ 3:20

ನೀವೆಲ್ಲ ಇಷ್ಟು ಬರೆದಿರಿ. ಏನಾಯಿತು ಅಂತ ಹೇಳದೆ ಇರಲು ಮನಸ್ಸು ಬರಲಿಲ್ಲ.

ಉಪ್ಸಾರು ಇದುವರೆಗೆ ಐದು ಸಲ ಮಾಡಿದೆ. ಮೊದಲ ದಿನ ಕಟ್ಟು ನೀರುನೀರಾಗಿತ್ತು. ಎರಡನೇ ಸಲ ಬೆಂದ ಕಾಳು ಒಂದು ಹಿಡಿ ಮಸೆದು ಕಟ್ಟಿಗೆ ಸೇರಿಸಿದೆ, ಗಟ್ಟಿಯಾಯಿತು. ಚಿಕ್ಕವನು ಮುದ್ದೆಯನ್ನು ಅದ್ದಿ ಅದ್ದಿ ತಿನ್ನುತ್ತಾನೆ. ಅಂಗಿ ಪೂರ್ತಿ ಕಟ್ಟು. ಹಾಗಾಗಿ ಬನಿಯನ್ನಿನಲ್ಲೇ ಊಟಕ್ಕೆ ಕೂರಿಸುತ್ತೇನೆ. ನಿಂಬೆಹೋಳನ್ನು ಅವನೇ ಹಿಂಡಬೇಕು, ನಾನು ಮುಟ್ಟುವಂತಿಲ್ಲ. ಮಗಳು ಮುದ್ದೆ ಬೇಡ ಅಂದಳು, ಈಗಲೂ ಬೇಡ ಅನ್ನುತ್ತಾಳೆ. ಅವಳಿಗೆ ಅದೇ ಕಾಳು ಸೊಪ್ಪನ್ನು ಅನ್ನಕ್ಕೆ ಕಲಸಿ ಕೊಡುತ್ತೇನೆ. ಸೊಪ್ಪನ್ನು ಆರಿಸಿ ಪಕ್ಕಕ್ಕೆ ಇಡುತ್ತಾಳೆ, ಕಾಳು ತಿನ್ನುತ್ತಾಳೆ. ನಾನು ಏನೂ ಹೇಳುತ್ತಿಲ್ಲ.

ಉಳಿದಂತೆ ವಾರ ಹೀಗೆ ನಿಂತಿದೆ. ಭಾನುವಾರ ರುಬ್ಬಿದ ದೋಸೆಹಿಟ್ಟು ಮಂಗಳವಾರದವರೆಗೆ. ಅದಕ್ಕೆ ರಾಗಿಹಿಟ್ಟು ಬೆರೆಸುತ್ತೇನೆ. ಬುಧವಾರ, ಶುಕ್ರವಾರ ಉಪ್ಸಾರು. ನಡುವೆ ಕುಕ್ಕರಿನ ಬೇಳೆ ಅನ್ನ. ತಡವಾದ ದಿನ ಹುಗ್ಗಿ. ಮೊಸರನ್ನ ವಾರಕ್ಕೆ ಒಂದೇ ದಿನ, ಅದೂ ಶೇಂಗಾ ಹಿಂಡಿ ಹಾಕಿ. ಕಾಳು ನೆನೆಹಾಕುವುದನ್ನು ಯಜಮಾನರಿಗೆ ವಹಿಸಿದ್ದೇನೆ. ಬೆಳಿಗ್ಗೆ ಅವರು ಕಾಫಿ ಕುಡಿಯುತ್ತಾ ಅದನ್ನು ಮಾಡುತ್ತಾರೆ. ಒಂದು ದಿನವೂ ಮರೆತಿಲ್ಲ.

ರಕ್ತ ಪರೀಕ್ಷೆ ಮುಂದಿನ ತಿಂಗಳು ಮತ್ತೆ ಇದೆ. ಸಿರಪ್ ತಪ್ಪಿಸಿಲ್ಲ. ಬಂದ ಮೇಲೆ ಹೇಳುತ್ತೇನೆ.

ಮಂಡ್ಯದ ಅಕ್ಕ, ಒಂದು ಕೇಳುವುದಿತ್ತು. ಖಾರದ ಅಳತೆ ನೀವು ಹೇಳಲೇ ಇಲ್ಲ. ನಾನು ಅಂದಾಜಿನಲ್ಲಿ ರುಬ್ಬಿದೆ. ಯಜಮಾನರಿಗೆ ಅತ್ತೆ ಕೈರುಚಿ ಬರಲಿಲ್ಲವಂತೆ.

ಮಂಡ್ಯದ ಸೊಸೆ | ಭಾನುವಾರ ಸಂಜೆ 5:00

ಓದಿ ಕಣ್ಣು ತುಂಬಿ ಬಂತು ಕಣಮ್ಮ. ಮಗಳು ಸೊಪ್ಪು ಆರಿಸಿ ಇಡುತ್ತಿದ್ದರೆ ಮುಂದಿನ ಸಲ ಸಣ್ಣಗೆ ಹೆಚ್ಚಿ ಹಾಕಿ ನೋಡಿ.

ಖಾರ ಬರೆದುಕೊಳ್ಳಿ. ಒಣಮೆಣಸಿನಕಾಯಿ ಹನ್ನೆರಡು, ಅದರಲ್ಲಿ ಎಂಟು ಬ್ಯಾಡಗಿ, ನಾಲ್ಕು ಗುಂಟೂರು. ಬರೀ ಬಾಣಲೆಯಲ್ಲಿ ಗರಿಗರಿ ಹುರಿಯಿರಿ, ಕಪ್ಪಾಗಬಾರದು. ಬೆಳ್ಳುಳ್ಳಿ ಒಂದು ದೊಡ್ಡ ಗಡ್ಡೆ, ಹಸಿಯದೇ. ಜೀರಿಗೆ ಒಂದು ಚಮಚ, ಮೆಣಸು ಅರ್ಧ ಚಮಚ. ಹುಣಸೆಹಣ್ಣು ಅರ್ಧ ನಿಂಬೆಗಾತ್ರ. ಉಪ್ಪು ಸ್ವಲ್ಪ ಮುಂದಿರಲಿ. ನೀರು ಆದಷ್ಟು ಕಡಿಮೆ ಹಾಕಿ, ತರಿತರಿಯಾಗಿ ರುಬ್ಬಿ. ಗಾಜಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ. ಒದ್ದೆ ಚಮಚ ಹಾಕಬೇಡಿ.

ನಿಮ್ಮ ಅತ್ತೆ ಯಾವ ಊರಿನವರು? ಹಾಸನದ ಕಡೆಯವರಾದರೆ ಹಸಿಮೆಣಸಿನಕಾಯಿ ಸುಟ್ಟು ಹಾಕುತ್ತಿದ್ದರೋ ಏನೋ. ಫೋನ್ ಮಾಡಿ ಕೇಳಿ.